ಯಂತ್ರಕ್ಕೆ ಯೋಚನೆ ಕಲಿಸಲು ಹೊರಟ ಮ್ಯಾನೇಜ್‌ಮೆಂಟ್ ಮೇಷ್ಟ್ರು ಹರ್ಬರ್ಟ್ ಸೈಮನ್

1956ರ ಜನವರಿ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿರುವ ಕಾರ್ನೆಗಿ ತಾಂತ್ರಿಕ ಸಂಸ್ಥೆಯಲ್ಲಿ ಕ್ರಿಸ್‌ಮಸ್ ರಜೆ ಮುಗಿದು ತರಗತಿಗಳು ಮತ್ತೆ ಶುರುವಾಗಿದ್ದವು. ಪಾಠಕ್ಕೆ ಬಂದ 39 ವರ್ಷದ ಪ್ರೊಫೆಸರ್, ರಜೆಯಲ್ಲಿ ತಾವೂ ತಮ್ಮ ಗೆಳೆಯ ಅಲೆನ್ ನ್ಯೂವೆಲ್ ಅವರೂ ಸೇರಿ ಯೋಚಿಸುವ ಯಂತ್ರವೊಂದನ್ನು ಕಂಡುಹಿಡಿದಿದ್ದೇವೆ ಎಂದು ವಿದ್ಯಾರ್ಥಿಗಳಿಗೆ ತಿಳಿಸಿದರು. ಯಂತ್ರ ಅಂದರೇನು ಎಂದು ಗೊಂದಲಗೊಂಡ ಹುಡುಗರ ಕೈಗೆ ಐಬಿಎಂ 701 ಕಂಪ್ಯೂಟರಿನ ಕೈಪಿಡಿ ಕೊಟ್ಟರು. ಅದನ್ನು ಮನೆಗೆ ಒಯ್ದು ರಾತ್ರಿಯಿಡೀ ಓದಿದ ವಿದ್ಯಾರ್ಥಿಗಳಲ್ಲಿ ಎಡ್ವರ್ಡ್ ಫೈಗೆನ್‌ಬಾಮ್ ಒಬ್ಬರು. ಮುಂದೆ ಕಂಪ್ಯೂಟರ್ ಲೋಕದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಪಡೆದವರು ಅವರು.

ಆ ದಿನ ಪ್ರೊಫೆಸರ್ ಹೇಳಿದ ಯಂತ್ರ ಇನ್ನೂ ಯಾವ ಕಂಪ್ಯೂಟರಿನಲ್ಲೂ ಓಡಿರಲಿಲ್ಲ. ಕಾಗದದ ಮೇಲಷ್ಟೇ ಇತ್ತು. ಹೇಳಿದವರು ಗಣಿತದ ಮೇಷ್ಟ್ರೂ ಅಲ್ಲ, ಎಂಜಿನಿಯರೂ ಅಲ್ಲ. ಬಿಸಿನೆಸ್ ಸ್ಕೂಲಿನಲ್ಲಿ ಆಡಳಿತ ಕಲಿಸುತ್ತಿದ್ದವರು. ಹೆಸರು ಹರ್ಬರ್ಟ್ ಅಲೆಕ್ಸಾಂಡರ್ ಸೈಮನ್.

ಕಚೇರಿಯಲ್ಲಿ ಮನುಷ್ಯ ಹೇಗೆ ನಿರ್ಧಾರ ಮಾಡುತ್ತಾನೆ, ಮೇಲಿನವರ ಮಾತನ್ನು ಕೆಳಗಿನವರು ಯಾಕೆ ಕೇಳುತ್ತಾರೆ, ಆ ಕೆಲಸದಲ್ಲಿ ಎಷ್ಟನ್ನು ಯಂತ್ರಕ್ಕೆ ವಹಿಸಬಹುದು ಎಂಬ ಪ್ರಶ್ನೆಗಳು ಈಗ ಪ್ರತಿ ಐಟಿ ಕಂಪನಿಯ ಮೀಟಿಂಗಿನಲ್ಲೂ ಬರುತ್ತವೆ. ಸೈಮನ್ ಈ ಮೂರನ್ನೂ ಒಂದೇ ಪ್ರಶ್ನೆಯೆಂದು ಹಿಡಿದು ಆರು ದಶಕ ಬೆನ್ನು ಹತ್ತಿದರು. ಅದಕ್ಕಾಗಿ ತಾವೇ ಕಟ್ಟಿದ ಬಿಸಿನೆಸ್ ಸ್ಕೂಲಿನಿಂದ ದೂರ ಸರಿಯಬೇಕಾಯಿತು ಕೂಡ.

ಆಟದ ಮೈದಾನದ ಜಗಳ

ಸೈಮನ್ ಹುಟ್ಟಿದ್ದು 1916ರ ಜೂನ್ 15ರಂದು, ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ. ತಂದೆ ಆರ್ಥರ್ 1903ರಲ್ಲಿ ಜರ್ಮನಿಯಿಂದ ಬಂದು ನೆಲೆಸಿದ ಎಲೆಕ್ಟ್ರಿಕಲ್ ಎಂಜಿನಿಯರ್. ತಾಯಿ ಎಡ್ನಾ ಪಿಯಾನೊ ನುಡಿಸುವುದರಲ್ಲಿ ನುರಿತವರು. ಅರ್ಥಶಾಸ್ತ್ರ ಓದಿ ಚಿಕ್ಕ ವಯಸ್ಸಿಗೇ ತೀರಿಕೊಂಡ ಸೋದರಮಾವ ಹೆರಾಲ್ಡ್ ಮರ್ಕೆಲ್ ಅವರ ಪುಸ್ತಕಗಳು ಮನೆಯಲ್ಲಿದ್ದವು. ಹುಡುಗ ಅವನ್ನೇ ಓದುತ್ತ ಬೆಳೆದ. ಮನುಷ್ಯನ ನಡವಳಿಕೆಯನ್ನೂ ವಿಜ್ಞಾನದಂತೆ ಅಧ್ಯಯನ ಮಾಡಬಹುದು ಎಂಬ ನಂಬಿಕೆ ಅಲ್ಲೇ ಮೊಳೆಯಿತು. ಒಂದು ಹಂತದಲ್ಲಿ ಜೀವವಿಜ್ಞಾನದತ್ತ ಮನಸ್ಸಿತ್ತು. ಆದರೆ ಬಣ್ಣಗುರುಡು ಅದಕ್ಕೆ ಅಡ್ಡ ಬಂತು.

1933ರಲ್ಲಿ ಶಿಕಾಗೊ ವಿಶ್ವವಿದ್ಯಾಲಯ ಸೇರಿದರು. ಅರ್ಥಶಾಸ್ತ್ರ ಓದಬೇಕೆಂದಿದ್ದರೂ ಅದಕ್ಕೆ ಅಕೌಂಟಿಂಗ್ ಪಾಠ ಕಡ್ಡಾಯ ಎಂದು ಗೊತ್ತಾದ ಮೇಲೆ ರಾಜ್ಯಶಾಸ್ತ್ರಕ್ಕೆ ಹೊರಳಿದರು. ಅರ್ಥಶಾಸ್ತ್ರದಲ್ಲಿ ಪದವಿಯಿಲ್ಲದೆ ಅರ್ಥಶಾಸ್ತ್ರದ ನೊಬೆಲ್ ಗೆದ್ದವರ ಕಥೆ ಶುರುವಾಗುವುದು ಹೀಗೆ.

ಅವರ ಬದುಕಿಗೆ ದಾರಿ ತೋರಿದ್ದು 1935ರಲ್ಲಿ ಮಾಡಿದ ಒಂದು ಸಣ್ಣ ಅಧ್ಯಯನ. ಮಿಲ್ವಾಕಿಯ ಆಟದ ಮೈದಾನಗಳನ್ನು ಶಾಲಾ ಮಂಡಳಿ ಮತ್ತು ನಗರದ ಲೋಕೋಪಯೋಗಿ ಇಲಾಖೆ ಎರಡೂ ಸೇರಿ ನೋಡಿಕೊಳ್ಳುತ್ತಿದ್ದವು. ಹಣ ಹಂಚುವಾಗ ಪ್ರತಿ ಸಲವೂ ತಕರಾರು. ಮಕ್ಕಳನ್ನು ಆಡಿಸುವ ಸಿಬ್ಬಂದಿಗೆ ಹೆಚ್ಚು ಹಣ ಬೇಕೆಂದು ಒಂದು ಕಡೆಯವರು, ಮೈದಾನದ ನಿರ್ವಹಣೆಗೆ ಬೇಕೆಂದು ಇನ್ನೊಂದು ಕಡೆಯವರು. ಅರ್ಥಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆ ಸುಲಭದ ಉತ್ತರವಿತ್ತು. ಇನ್ನೊಂದು ಡಾಲರ್ ಎಲ್ಲಿ ಹಾಕಿದರೆ ಹೆಚ್ಚು ಲಾಭವೋ ಅಲ್ಲಿ ಹಾಕಿ, ಅಷ್ಟೇ. ಆದರೆ ಯಾರೂ ಆ ಲೆಕ್ಕ ಮಾಡುತ್ತಿರಲಿಲ್ಲ. ಮಾಡುವುದು ಹೇಗೆಂದು ಯಾರಿಗೂ ತಿಳಿದಿರಲಿಲ್ಲ. ಒಬ್ಬೊಬ್ಬರೂ ತಮ್ಮ ಇಲಾಖೆಯ ಕಿಟಕಿಯಿಂದ ಕಂಡಷ್ಟನ್ನೇ ಇಡೀ ಮೈದಾನ ಎಂದುಕೊಂಡಿದ್ದರು.

ಆ ಅಧಿಕಾರಿಗಳು ದಡ್ಡರೂ ಅಲ್ಲ, ಕಳ್ಳರೂ ಅಲ್ಲ. ಹಾಗಿದ್ದರೆ ತಪ್ಪು ಅವರದಲ್ಲ, ಪುಸ್ತಕದ್ದು ಎಂದು 19ರ ಹುಡುಗನಿಗೆ ಅನ್ನಿಸಿತು.

ಸಾಕೆನಿಸುವಷ್ಟು ಒಳ್ಳೆಯದು

ಮುಂದೆ ನಗರಾಡಳಿತದ ಸಂಶೋಧನೆ, ಬರ್ಕ್ಲಿಯಲ್ಲಿ ಮೂರು ವರ್ಷ, ಬಳಿಕ ಶಿಕಾಗೊದ ಇಲಿನಾಯ್ ತಾಂತ್ರಿಕ ಸಂಸ್ಥೆಯಲ್ಲಿ ಪಾಠ. 1937ರ ಕ್ರಿಸ್‌ಮಸ್ ದಿನವೇ ಡೊರೊತಿಯಾ ಪೈ ಅವರೊಂದಿಗೆ ಮದುವೆಯಾಗಿತ್ತು. 1943ರಲ್ಲಿ ಡಾಕ್ಟರೇಟ್ ಬಂತು. ಆ ಪ್ರಬಂಧವೇ ಬೆಳೆದು 1947ರಲ್ಲಿ ಅಡ್ಮಿನಿಸ್ಟ್ರೇಟಿವ್ ಬಿಹೇವಿಯರ್ ಎಂಬ ಪುಸ್ತಕವಾಯಿತು. ಮುನ್ನುಡಿ ಬರೆದದ್ದು ಟೆಲಿಫೋನ್ ಕಂಪನಿಯ ಮುಖ್ಯಸ್ಥರಾಗಿದ್ದ ಚೆಸ್ಟರ್ ಬರ್ನಾರ್ಡ್.

ಆಗಿನ ಆಡಳಿತಶಾಸ್ತ್ರದ ಸೂತ್ರಗಳನ್ನು ಸೈಮನ್ ಗಾದೆಗಳೆಂದು ಪಕ್ಕಕ್ಕಿಟ್ಟರು. ತಾಳಿದವನು ಬಾಳಿಯಾನು ಎಂಬ ಗಾದೆ ನಮ್ಮಲ್ಲಿದೆ, ಶುಭಸ್ಯ ಶೀಘ್ರಂ ಎಂಬ ಮಾತೂ ಇದೆ. ಯಾವುದು ಬೇಕೋ ಅದನ್ನು ಎತ್ತಿ ಹೇಳಬಹುದು, ಎರಡೂ ಸರಿ. ಒಬ್ಬ ಅಧಿಕಾರಿಯ ಕೆಳಗೆ ಕೆಲವೇ ಜನ ಇರಬೇಕು, ಹಾಗೆಯೇ ಮೇಲಿನಿಂದ ಕೆಳಗಿನವರೆಗೆ ಹಂತಗಳೂ ಕಡಿಮೆಯಿರಬೇಕು ಎನ್ನುವ ಸೂತ್ರಗಳೂ ಇಂಥವೇ. ಕೈಕೆಳಗಿನವರನ್ನು ಕಡಿಮೆ ಮಾಡಿದರೆ ಹಂತಗಳು ಹೆಚ್ಚುತ್ತವೆ. ಎರಡನ್ನೂ ಒಟ್ಟಿಗೆ ಪಾಲಿಸಲಾಗದು. ಅಮೆರಿಕದ ಹಿರಿಯ ಆಡಳಿತ ತಜ್ಞರಿಗೆ ಈ ಎಳೆಯನ ಮಾತು ಕಹಿಯಾಯಿತು.

ಪುಸ್ತಕದ ತಿರುಳು ಬೇರೆಯೇ ಇತ್ತು. ಮನುಷ್ಯ ಎಲ್ಲ ದಾರಿಗಳನ್ನೂ ಅಳೆದು, ಎಲ್ಲ ಪರಿಣಾಮಗಳನ್ನೂ ತೂಗಿ, ಅತ್ಯುತ್ತಮವಾದದ್ದನ್ನೇ ಆರಿಸುತ್ತಾನೆ ಎಂದು ಅರ್ಥಶಾಸ್ತ್ರ ನಂಬಿತ್ತು. ಸೈಮನ್ ಪ್ರಕಾರ ಹಾಗೆ ಆಗುವುದೇ ಇಲ್ಲ. ನಮ್ಮ ತಿಳಿವಳಿಕೆಗೆ ಮಿತಿಯಿದೆ, ಸಮಯಕ್ಕೆ ಮಿತಿಯಿದೆ, ತಲೆಯಲ್ಲಿ ಹಿಡಿದಿಡುವ ಶಕ್ತಿಗೂ ಮಿತಿಯಿದೆ. ಪುಣೆಯಲ್ಲೋ ಚೆನ್ನೈಯಲ್ಲೋ ಬಾಡಿಗೆ ಮನೆ ಹುಡುಕುವ ಕುಟುಂಬ ಊರಿನ ಎಲ್ಲ ಮನೆಗಳನ್ನೂ ನೋಡಿ ಪಟ್ಟಿ ಮಾಡುವುದಿಲ್ಲ. ನೀರು ಬರಬೇಕು, ಬಾಡಿಗೆ ಇಷ್ಟರೊಳಗಿರಬೇಕು, ಶಾಲೆ ಹತ್ತಿರವಿರಬೇಕು ಎಂದುಕೊಂಡು ಹೊರಟು, ಇವಿಷ್ಟೂ ಸಿಕ್ಕ ಮೊದಲ ಮನೆಗೆ ಅಡ್ವಾನ್ಸ್ ಕೊಡುತ್ತದೆ. ವಾರಗಟ್ಟಲೆ ಸಿಗದಿದ್ದರೆ ಶಾಲೆ ಸ್ವಲ್ಪ ದೂರವಾದರೂ ಪರವಾಗಿಲ್ಲ ಎನ್ನುತ್ತದೆ. ಬೇಗ ಸಿಕ್ಕರೆ ಬಾಲ್ಕನಿಯೂ ಇರಲಿ ಎನ್ನುತ್ತದೆ. ಸಾಕೆನಿಸುವಷ್ಟು ಒಳ್ಳೆಯದಕ್ಕೆ ತೃಪ್ತಿಪಡುವ ಈ ರೀತಿಗೆ ಅವರು 1956ರಲ್ಲಿ ಸ್ಯಾಟಿಸ್‌ಫೈಸಿಂಗ್ ಎಂಬ ಹೆಸರು ಕೊಟ್ಟರು. ಮನುಷ್ಯನ ವಿವೇಕದ ಈ ಎಲ್ಲೆಗೆ ಬೌಂಡೆಡ್ ರ್‍ಯಾಷನಾಲಿಟಿ ಎಂದರು. ಇಂದು ಮ್ಯಾನೇಜ್‌ಮೆಂಟ್ ಓದಿದವರೆಲ್ಲರಿಗೂ ಗೊತ್ತಿರುವ ಪದಗಳಿವು.

ನಾಯಕತ್ವದ ಬಗ್ಗೆಯೂ ಅವರ ನೋಟ ತಲೆಕೆಳಗು. ಅಧಿಕಾರ ಇರುವುದು ಆಜ್ಞೆ ಕೊಡುವವನ ಕುರ್ಚಿಯಲ್ಲಲ್ಲ, ಅದನ್ನು ಒಪ್ಪಿಕೊಳ್ಳುವವನ ಮನಸ್ಸಿನಲ್ಲಿ. ಪ್ರತಿ ನೌಕರನಿಗೂ ಒಪ್ಪಿಗೆಯ ಒಂದು ವಲಯವಿರುತ್ತದೆ. ಅದರೊಳಗಿನ ಮಾತನ್ನು ಪ್ರಶ್ನಿಸದೆ ನಡೆಸುತ್ತಾನೆ, ಅದರಾಚೆಯದಕ್ಕೆ ತಲೆಯಾಡಿಸಿ ಸುಮ್ಮನಾಗುತ್ತಾನೆ. ಬರ್ನಾರ್ಡ್ ಅವರಿಂದ ಬಂದ ಈ ಯೋಚನೆಯನ್ನು ಸೈಮನ್ ಬೆಳೆಸಿದರು. ಆದೇಶ ಹೊರಡಿಸಿದ ಮಾತ್ರಕ್ಕೆ ಕೆಲಸ ಆಯಿತೆಂದುಕೊಳ್ಳುವ ಮೇಲಧಿಕಾರಿಗಳಿಗೆ ಇದು ಈಗಲೂ ರುಚಿಸುವ ಮಾತಲ್ಲ.

ಒಂದೇ ಸೂರಿನಡಿ ಎರಡು ನಂಬಿಕೆ

1949ರಲ್ಲಿ ವಿಲಿಯಂ ಲಾರಿಮರ್ ಮೆಲನ್ ಕೊಟ್ಟ ದೇಣಿಗೆಯಿಂದ ಕಾರ್ನೆಗಿ ಸಂಸ್ಥೆಯಲ್ಲಿ ಹೊಸ ಬಿಸಿನೆಸ್ ಸ್ಕೂಲ್ ಹುಟ್ಟಿತು. ಅದನ್ನು ಕಟ್ಟಲು ಬಂದವರಲ್ಲಿ ಡೀನ್ ಲೀಲ್ಯಾಂಡ್ ಬ್ಯಾಕ್, ವಿಲಿಯಂ ಕೂಪರ್ ಜೊತೆ ಸೈಮನ್ ಕೂಡ ಒಬ್ಬರು. ಹಿಂದಿನ ವ್ಯಾಪಾರದ ಕಥೆಗಳನ್ನು ಹೇಳಿಕೊಂಡು ಪಾಠ ಮಾಡುವುದನ್ನು ಬಿಟ್ಟು ಗಣಿತ, ಮನಶ್ಶಾಸ್ತ್ರ, ಅರ್ಥಶಾಸ್ತ್ರದ ಅಡಿಪಾಯದ ಮೇಲೆ ಮ್ಯಾನೇಜ್‌ಮೆಂಟ್ ಕಲಿಸಬೇಕು ಎಂಬ ಹಠ ಅವರದು.

ಅಲ್ಲಿ ನಡೆದ ಒಂದು ಪುಟ್ಟ ಪ್ರಯೋಗ ಕಚೇರಿ ಕೆಲಸ ಬಲ್ಲ ಯಾರಿಗೂ ನಗು ತರಿಸುತ್ತದೆ. ಡಿವಿಟ್ ಡಿಯರ್‌ಬಾರ್ನ್ ಜೊತೆ ಸೇರಿ ಸೈಮನ್ ಒಂದೇ ಕಂಪನಿಯ 23 ಅಧಿಕಾರಿಗಳಿಗೆ ಉಕ್ಕಿನ ಕಾರ್ಖಾನೆಯೊಂದರ ವಿವರ ಓದಲು ಕೊಟ್ಟರು. ಆ ಕಾರ್ಖಾನೆಯ ಅತಿ ಮುಖ್ಯ ಸಮಸ್ಯೆ ಯಾವುದು ಎಂದು ಕೇಳಿದರು. ಮಾರಾಟ ವಿಭಾಗದ 6 ಮಂದಿಯಲ್ಲಿ 5 ಮಂದಿಗೆ ಮಾರಾಟವೇ ಸಮಸ್ಯೆಯಾಗಿ ಕಂಡಿತು. ಉಳಿದ 17 ಮಂದಿಯಲ್ಲಿ ಹಾಗೆ ಹೇಳಿದವರು ಐವರು ಮಾತ್ರ. ಎಲ್ಲರೂ ಇಡೀ ಕಂಪನಿಯ ದೃಷ್ಟಿಯಿಂದ ನೋಡಬೇಕೆಂದು ಮೊದಲೇ ತಿಳಿಸಲಾಗಿತ್ತು. ಮಿಲ್ವಾಕಿ ಮೈದಾನದ ಕಿಟಕಿ ಇಲ್ಲಿಯೂ ಇತ್ತು. 1958ರಲ್ಲಿ ಈ ಬರಹ ಪ್ರಕಟವಾದ ವರ್ಷವೇ ಜೇಮ್ಸ್ ಮಾರ್ಚ್ ಜೊತೆ ಬರೆದ ಆರ್ಗನೈಸೇಷನ್ಸ್ ಪುಸ್ತಕವೂ ಹೊರಬಂತು.

ಇನ್ನೊಂದು ಕೆಲಸವನ್ನು ವಿಧಿಯ ತಮಾಷೆ ಎನ್ನಬೇಕು. ಕಾರ್ಖಾನೆಯಲ್ಲಿ ಎಷ್ಟು ಉತ್ಪಾದಿಸಬೇಕು, ಎಷ್ಟು ದಾಸ್ತಾನು ಇಡಬೇಕು, ಎಷ್ಟು ಕೆಲಸಗಾರರು ಬೇಕು ಎಂಬುದನ್ನು ಗಣಿತದಿಂದ ನಿರ್ಧರಿಸುವ ಯೋಜನೆಯೊಂದರಲ್ಲಿ ಸೈಮನ್, ಚಾರ್ಲ್ಸ್ ಹೋಲ್ಟ್, ಫ್ರಾಂಕೊ ಮೊಡಿಗ್ಲಿಯಾನಿ, ಜಾನ್ ಮುತ್ ನಾಲ್ವರೂ ದುಡಿದರು. ಪುಸ್ತಕವೂ ಒಟ್ಟಿಗೇ ಬಂತು. ಆದರೆ ಅದೇ ಮುತ್ 1961ರಲ್ಲಿ ಜನರ ನಿರೀಕ್ಷೆಗಳು ಅರ್ಥಶಾಸ್ತ್ರದ ಸಿದ್ಧಾಂತ ಹೇಳುವುದಕ್ಕೇ ಹೊಂದಿಕೊಂಡಿರುತ್ತವೆ ಎಂಬ ವಾದ ಮಂಡಿಸಿದರು. ರ್‍ಯಾಷನಲ್ ಎಕ್ಸ್‌ಪೆಕ್ಟೇಷನ್ಸ್ ಎಂದು ಹೆಸರಾದ ಆ ವಾದವನ್ನು ಕಾರ್ನೆಗಿಯಲ್ಲೇ ಇದ್ದ ರಾಬರ್ಟ್ ಲೂಕಸ್ ಮುಂದೆ ಬೆಳೆಸಿ 1995ರಲ್ಲಿ ನೊಬೆಲ್ ಪಡೆದರು. ಮನುಷ್ಯನ ಬುದ್ಧಿಗೆ ಮಿತಿಯಿದೆ ಎಂಬ ವಾದವೂ, ಮಾರುಕಟ್ಟೆಯಲ್ಲಿ ಆ ಮಿತಿಯನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ ಎಂಬ ವಾದವೂ ಬೆಳೆದದ್ದು ಒಂದೇ ಕಟ್ಟಡದಲ್ಲಿ.

1960ರ ದಶಕದಲ್ಲಿ ಸ್ಕೂಲಿನಲ್ಲಿ ಅರ್ಥಶಾಸ್ತ್ರಜ್ಞರ ಕೈ ಮೇಲಾಯಿತು. ಸೈಮನ್ ಜಗಳವಾಡಿದರು, ಸೋತರು. ಹುದ್ದೆ ಹೋಗಲಿಲ್ಲ, ಮರ್ಯಾದೆಯೂ ಹೋಗಲಿಲ್ಲ. ಆದರೆ ತಾವು ನೆಟ್ಟ ಮರದ ಕೆಳಗೆ ತಮಗೇ ನೆರಳಿಲ್ಲವೆಂದು ತಿಳಿದು ಮನಶ್ಶಾಸ್ತ್ರ ವಿಭಾಗಕ್ಕೆ ಹೊರಟುಹೋದರು. ಕಂಪ್ಯೂಟರ್ ವಿಜ್ಞಾನ ಮತ್ತು ಮನಶ್ಶಾಸ್ತ್ರದ ಪ್ರೊಫೆಸರ್ ಎಂಬುದೇ ಕೊನೆಯವರೆಗಿನ ಅವರ ಗುರುತಾಯಿತು.

ಮನೆಮಂದಿಯೇ ಕಂಪ್ಯೂಟರ್

ಯಂತ್ರದ ಕಥೆ ಶುರುವಾಗಿದ್ದು 1952ರಲ್ಲಿ, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದ ರ್‍ಯಾಂಡ್ ಕಾರ್ಪೊರೇಷನ್‌ನಲ್ಲಿ. ವೈಮಾನಿಕ ರಕ್ಷಣಾ ಕೇಂದ್ರದಲ್ಲಿ ಜನ ಹೇಗೆ ಕೆಲಸ ಮಾಡುತ್ತಾರೆ ಎಂಬುದರ ಅಧ್ಯಯನ ಅಲ್ಲಿ ನಡೆದಿತ್ತು. ಅದಕ್ಕಾಗಿ ಲೆಕ್ಕದ ಯಂತ್ರವೊಂದು ರೇಡಾರ್ ನಕ್ಷೆಗಳನ್ನು ಮುದ್ರಿಸಿ ಕೊಡುತ್ತಿತ್ತು. ಅಂಕಿ ಕೂಡಿಸುವ ಯಂತ್ರ ನಕ್ಷೆ ಬರೆಯಬಲ್ಲುದಾದರೆ ಅದು ಬರೀ ಅಂಕಿಯ ಯಂತ್ರವಲ್ಲ, ಚಿಹ್ನೆಗಳ ಯಂತ್ರ. ಮನುಷ್ಯನ ಯೋಚನೆಯೂ ಚಿಹ್ನೆಗಳ ಆಟವೇ ಅಲ್ಲವೇ? ಅಲ್ಲಿದ್ದ ಯುವಕ ಅಲೆನ್ ನ್ಯೂವೆಲ್ ಮತ್ತು ಸೈಮನ್ ಈ ಎಳೆ ಹಿಡಿದರು. ಪ್ರೋಗ್ರಾಮರ್ ಕ್ಲಿಫ್ ಶಾ ಜೊತೆಯಾದರು.

1955ರ ಕೊನೆಗೆ ಲಾಜಿಕ್ ಥಿಯರಿಸ್ಟ್ ಎಂಬ ಪ್ರೋಗ್ರಾಂ ಕಾಗದದ ಮೇಲೆ ಸಿದ್ಧವಾಯಿತು. ಕಂಪ್ಯೂಟರ್ ಸಿಗುವವರೆಗೆ ಕಾಯುವ ವ್ಯವಧಾನ ಸೈಮನ್‌ಗೆ ಇರಲಿಲ್ಲ. ಚಳಿಗಾಲದ ಒಂದು ಸಂಜೆ ಹೆಂಡತಿ, ಮೂವರು ಮಕ್ಕಳು ಮತ್ತು ಕೆಲವು ವಿದ್ಯಾರ್ಥಿಗಳನ್ನು ಕಲೆಹಾಕಿ ಒಬ್ಬೊಬ್ಬರ ಕೈಗೂ ಒಂದೊಂದು ಕಾರ್ಡ್ ಕೊಟ್ಟರು. ಪ್ರತಿ ಕಾರ್ಡಿನಲ್ಲೂ ಪ್ರೋಗ್ರಾಮಿನ ಒಂದು ತುಂಡು. ತಮ್ಮ ಸರದಿ ಬಂದಾಗ ಕಾರ್ಡಿನಲ್ಲಿದ್ದಂತೆ ಮಾಡುವುದಷ್ಟೇ ಅವರ ಕೆಲಸ. ಯಾರಿಗೂ ಇಡೀ ಲೆಕ್ಕ ಗೊತ್ತಿರಬೇಕಿಲ್ಲ. ಒಂದು ಕಚೇರಿ ನಡೆಯುವುದೂ ಹಾಗೆಯೇ ಎಂದು ಆಡಳಿತಶಾಸ್ತ್ರದ ಈ ಮೇಷ್ಟ್ರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

1956ರ ಆಗಸ್ಟ್‌ನಲ್ಲಿ ರ್‍ಯಾಂಡ್‌ನ ಜಾನಿಯಾಕ್ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಓಡಿತು. ವೈಟ್‌ಹೆಡ್ ಮತ್ತು ಬರ್ಟ್ರಂಡ್ ರಸೆಲ್ ಬರೆದ ಪ್ರಿನ್ಸಿಪಿಯಾ ಮ್ಯಾಥಮ್ಯಾಟಿಕಾ ಗ್ರಂಥದ ಎರಡನೇ ಅಧ್ಯಾಯದ ಮೊದಲ 52 ಪ್ರಮೇಯಗಳಲ್ಲಿ 38ನ್ನು ಅದು ಸಾಧಿಸಿತು. ಒಂದರ ಸಾಧನೆ ಮೂಲದ್ದಕ್ಕಿಂತ ಚೊಕ್ಕವಾಗಿತ್ತು. ಸುದ್ದಿ ತಿಳಿಸಿದಾಗ ರಸೆಲ್ ಖುಷಿಪಟ್ಟರು. ಆದರೆ ಯಂತ್ರವನ್ನೂ ಒಬ್ಬ ಲೇಖಕನೆಂದು ಸೇರಿಸಿ ಕಳಿಸಿದ ಬರಹವನ್ನು ತರ್ಕಶಾಸ್ತ್ರದ ಪತ್ರಿಕೆ ವಾಪಸ್ ಕಳಿಸಿತು. ಆ ಬೇಸಿಗೆಯಲ್ಲೇ ಡಾರ್ಟ್‌ಮತ್ ಕಾಲೇಜಿನಲ್ಲಿ ಕೃತಕ ಬುದ್ಧಿಮತ್ತೆ ಎಂಬ ಹೆಸರು ಹೊತ್ತ ಮೊದಲ ಸಮಾವೇಶ ನಡೆಯಿತು. ಹೆಚ್ಚಿನವರು ಮುಂದೆ ಮಾಡಬೇಕಾದ್ದರ ಬಗ್ಗೆ ಮಾತಾಡುತ್ತಿದ್ದಾಗ ನ್ಯೂವೆಲ್ ಮತ್ತು ಸೈಮನ್ ಕೈಯಲ್ಲಿ ನಡೆಯುವ ಪ್ರೋಗ್ರಾಮನ್ನೇ ಹಿಡಿದು ಹೋಗಿದ್ದರು.

ಹುಸಿಯಾದ ಭವಿಷ್ಯ

ಉತ್ಸಾಹ ಅವರನ್ನು ದೂರ ಒಯ್ದಿತು. 1957ರ ಭಾಷಣವೊಂದರಲ್ಲಿ ಸೈಮನ್, ಹತ್ತು ವರ್ಷದೊಳಗೆ ಕಂಪ್ಯೂಟರ್ ಚೆಸ್‌ನಲ್ಲಿ ವಿಶ್ವ ಚಾಂಪಿಯನ್ ಆಗುತ್ತದೆ, ಮಹತ್ವದ ಗಣಿತ ಪ್ರಮೇಯವೊಂದನ್ನು ಕಂಡುಹಿಡಿಯುತ್ತದೆ, ಕೇಳುವಂಥ ಸಂಗೀತ ರಚಿಸುತ್ತದೆ ಎಂದುಬಿಟ್ಟರು. 1965ರಲ್ಲಿ ಇನ್ನೂ ಮುಂದೆ ಹೋಗಿ, ಮನುಷ್ಯ ಮಾಡುವ ಯಾವ ಕೆಲಸವನ್ನಾದರೂ ಇಪ್ಪತ್ತು ವರ್ಷದಲ್ಲಿ ಯಂತ್ರ ಮಾಡಬಲ್ಲುದು ಎಂದು ಬರೆದರು. ಹತ್ತು ವರ್ಷ ಕಳೆಯಿತು, ಇಪ್ಪತ್ತೂ ಕಳೆಯಿತು. ತತ್ವಶಾಸ್ತ್ರಜ್ಞ ಹ್ಯೂಬರ್ಟ್ ಡ್ರೈಫಸ್ ಈ ವಿದ್ಯೆಯನ್ನು ಚಿನ್ನ ಮಾಡಲು ಹೊರಟ ರಸವಾದಿಗಳ ವಿದ್ಯೆಗೆ ಹೋಲಿಸಿದರು. ಚೆಸ್‌ನಲ್ಲಿ ಗ್ಯಾರಿ ಕ್ಯಾಸ್ಪರೋವ್ ಅವರನ್ನು ಐಬಿಎಂನ ಡೀಪ್ ಬ್ಲೂ ಸೋಲಿಸಿದ್ದು 1997ರಲ್ಲಿ, ಅಂದರೆ ನಲವತ್ತು ವರ್ಷದ ಮೇಲೆ. ಅದರ ಬೀಜ ಬಿದ್ದದ್ದು ಸೈಮನ್ ಅವರ ವಿಶ್ವವಿದ್ಯಾಲಯದಲ್ಲೇ, ಫೆಂಗ್-ಸಿಯುಂಗ್ ಸು ಎಂಬ ಸಂಶೋಧನಾ ವಿದ್ಯಾರ್ಥಿ ಮತ್ತು ಅವರ ಗೆಳೆಯರ ಕೈಯಲ್ಲಿ. ಸೈಮನ್ ಅದನ್ನು ಕಣ್ಣಾರೆ ಕಂಡರು.

ಇಂದಿನ ಚಾಟ್‌ಬಾಟ್‌ಗಳಿಗೂ ಸೈಮನ್ ಅವರಿಗೂ ನೇರ ವಂಶಾವಳಿ ಕಟ್ಟುವುದು ಸರಿಯಲ್ಲ. ಅವರ ದಾರಿ ಚಿಹ್ನೆ ಮತ್ತು ನಿಯಮಗಳದ್ದು. ಈಗ ಗೆದ್ದಿರುವುದು ಅಪಾರ ದತ್ತಾಂಶದಿಂದ ತಾನೇ ಕಲಿಯುವ ನರಜಾಲದ ದಾರಿ. ಆ ದಾರಿಯ ಹಿರಿಯ ಜೆಫ್ರಿ ಹಿಂಟನ್ 1980ರ ದಶಕದಲ್ಲಿ ಕೆಲ ವರ್ಷ ಕಾರ್ನೆಗಿ ಮೆಲನ್‌ನಲ್ಲೇ ಪಾಠ ಮಾಡಿದವರು. ಟ್ಯೂರಿಂಗ್ ಪ್ರಶಸ್ತಿ (1975, ನ್ಯೂವೆಲ್ ಜೊತೆ) ಮತ್ತು ನೊಬೆಲ್ (1978) ಎರಡೂ ಪಡೆದ ಏಕೈಕ ವ್ಯಕ್ತಿ ಎಂಬ ಸೈಮನ್ ಅವರ ದಾಖಲೆಗೆ 2024ರಲ್ಲಿ ಜೊತೆಗಾರರಾಗಿ ಬಂದವರೂ ಹಿಂಟನ್ ಅವರೇ.

ಕೆಲಸದ ವಿಷಯದಲ್ಲಿ ಮಾತ್ರ ಸೈಮನ್ ಬರೆದದ್ದು ಇವತ್ತಿಗೂ ಓದುವಂತಿದೆ. ಯಂತ್ರ ಬಂದರೆ ಊರಿಗೆ ಊರೇ ನಿರುದ್ಯೋಗಿಯಾಗುತ್ತದೆ ಎಂಬ ಭಯ 1960ರಲ್ಲೂ ಇತ್ತು. ಅವರು ಅದನ್ನು ಒಪ್ಪಲಿಲ್ಲ. ಮನುಷ್ಯ ಮತ್ತು ಯಂತ್ರ, ಯಾರಿಗೆ ಯಾವುದರಲ್ಲಿ ಹೋಲಿಕೆಯಲ್ಲಿ ಅನುಕೂಲವೋ ಅದನ್ನು ಹಂಚಿಕೊಳ್ಳುತ್ತಾರೆ ಎಂಬುದು ಅವರ ಲೆಕ್ಕ. ಪದೇ ಪದೇ ಬರುವ, ನಿಯಮಕ್ಕೆ ಸಿಗುವ ನಿರ್ಧಾರಗಳು ಮೊದಲು ಯಂತ್ರಕ್ಕೆ ಹೋಗುತ್ತವೆ. ಹಾಗಾಗಿ ಕಾರ್ಖಾನೆಯ ಕೂಲಿಯಂತೆಯೇ ಕುರ್ಚಿಯ ಮೇಲಿನ ಮಧ್ಯಮ ಹಂತದ ಅಧಿಕಾರಿಯ ಕೆಲಸವೂ ಯಂತ್ರದ ಕೈಗೆ ಸಿಗಬಲ್ಲುದು. ಏರುತಗ್ಗಿನ ನೆಲದಲ್ಲಿ ನಡೆಯುವ ಕಾಲು, ಕಣ್ಣು ಮತ್ತು ಕೈಯ ಹೊಂದಾಣಿಕೆ, ಎದುರು ನಿಂತು ಜನರೊಂದಿಗೆ ವ್ಯವಹರಿಸುವುದು ಮನುಷ್ಯನ ಬಳಿ ಹೆಚ್ಚು ಕಾಲ ಉಳಿಯುತ್ತವೆ. ಪ್ಲಂಬರ್‌ಗಿಂತ ಮೊದಲು ಪ್ರೋಗ್ರಾಮರ್ ಕೆಲಸ ಕಳೆದುಕೊಳ್ಳುವ ಆತಂಕ ಬೆಂಗಳೂರು, ಹೈದರಾಬಾದ್, ಪುಣೆಯ ಐಟಿ ಮನೆಗಳಲ್ಲಿ ಮೂಡಿರುವ ಈ ಹೊತ್ತಿನಲ್ಲಿ ಆ ಪುಟಗಳು ಹಳತೆನಿಸುವುದಿಲ್ಲ. ಮಾಹಿತಿ ಹೆಚ್ಚಾದಷ್ಟೂ ಗಮನ ಬಡವಾಗುತ್ತದೆ ಎಂಬುದನ್ನೂ ಅವರು 1971ರಲ್ಲೇ ಹೇಳಿದ್ದರು. ಆಗ ಮೊಬೈಲ್ ಇರಲಿಲ್ಲ, ವಾಟ್ಸಾಪ್ ಗ್ರೂಪೂ ಇರಲಿಲ್ಲ.

ಭಾರತದ ಓದುಗರಿಗೆ ಸೈಮನ್ ಸಿಗುವುದು ಎರಡು ಬಾಗಿಲಲ್ಲಿ. ಒಂದು ಯುಪಿಎಸ್‌ಸಿ. ಸಾರ್ವಜನಿಕ ಆಡಳಿತವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡವರ ಪಠ್ಯಕ್ರಮದಲ್ಲಿ ಸೈಮನ್ ಅವರ ನಿರ್ಧಾರ ಸಿದ್ಧಾಂತ ಹೆಸರಿಟ್ಟೇ ಇದೆ. ದೆಹಲಿಯ ಕೋಚಿಂಗ್ ಕೋಣೆಗಳಲ್ಲಿ ಕೂತ ಕರ್ನಾಟಕದ ಹುಡುಗರೂ ಅದನ್ನು ಉರುಹೊಡೆಯುತ್ತಾರೆ. ಇನ್ನೊಂದು, ಆಂಧ್ರದ ಕಾಟೂರಿನಲ್ಲಿ ಹುಟ್ಟಿ 1969ರಲ್ಲಿ ಕಾರ್ನೆಗಿ ಮೆಲನ್ ಸೇರಿದ ರಾಜ್ ರೆಡ್ಡಿ. ಸೈಮನ್ ಮತ್ತು ನ್ಯೂವೆಲ್ ಕಟ್ಟಿದ ಪರಿಸರದಲ್ಲಿ ಬೆಳೆದ ಅವರು ಅಲ್ಲಿನ ರೊಬೊಟಿಕ್ಸ್ ಸಂಸ್ಥೆಯ ಮೊದಲ ನಿರ್ದೇಶಕರಾದರು. 1994ರ ಟ್ಯೂರಿಂಗ್ ಪ್ರಶಸ್ತಿಯನ್ನು ಅವರು ಹಂಚಿಕೊಂಡದ್ದು ಕೈಪಿಡಿ ಓದಿ ರಾತ್ರಿ ಕಳೆದ ಆ ಫೈಗೆನ್‌ಬಾಮ್ ಜೊತೆ.

ಒಂದೇ ಮನೆ, ಒಂದೇ ದಾರಿ

ತಮ್ಮ ಸಿದ್ಧಾಂತವನ್ನು ಸೈಮನ್ ಮೈಮೇಲೂ ಹಾಕಿಕೊಂಡಿದ್ದರು. ಪಿಟ್ಸ್‌ಬರ್ಗ್‌ನ ನಾರ್ಥಂಬರ್‌ಲ್ಯಾಂಡ್ ಬೀದಿಯ ಒಂದೇ ಮನೆಯಲ್ಲಿ 46 ವರ್ಷ ಇದ್ದರು. ಅಲ್ಲಿಂದ ಕೆಲಸಕ್ಕೆ ನಡೆದೇ ಹೋಗುತ್ತಿದ್ದರು. ಬೆಳಗಿನ ತಿಂಡಿಯೂ ದಿನಾ ಒಂದೇ. ಬಟ್ಟೆ, ಕಾಲುಚೀಲದಂಥ ಸಣ್ಣ ವಿಷಯಗಳ ಆಯ್ಕೆಗೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಉಳಿಸಿದ ತಲೆಯನ್ನು ಚೆಸ್ ಆಟಗಾರರ ನೆನಪಿನ ಶಕ್ತಿ, ವಿಜ್ಞಾನಿಗಳು ನಿಯಮ ಕಂಡುಹಿಡಿಯುವ ಬಗೆ, ಭಾಷೆಗಳು ಇಂಥವಕ್ಕೆ ಖರ್ಚು ಮಾಡಿದರು. 1972ರಲ್ಲಿ ಮೊದಲ ಬಾರಿ ಚೀನಾಕ್ಕೆ ಹೋದವರು ಅರವತ್ತು ದಾಟಿದ ಮೇಲೆ ಚೀನೀ ಭಾಷೆ ಕಲಿತರು. 1994ರಲ್ಲಿ ಚೀನಾದ ವಿಜ್ಞಾನ ಅಕಾಡೆಮಿ ಅವರನ್ನು ವಿದೇಶಿ ಸದಸ್ಯರನ್ನಾಗಿ ಆರಿಸಿತು.

1978ರಲ್ಲಿ ನೊಬೆಲ್ ಬಂದಾಗ ಹಲವು ಅರ್ಥಶಾಸ್ತ್ರಜ್ಞರಿಗೆ ಅಚ್ಚರಿಯಾಗಿತ್ತು. ಆ ವೇಳೆಗೆ ಅವರು ಆ ಬೀದಿಯಲ್ಲಿ ಓಡಾಡುವುದನ್ನೇ ಬಹುಮಟ್ಟಿಗೆ ಬಿಟ್ಟಿದ್ದರು. ಪ್ರಶಸ್ತಿಯ ಬಳಿಕ ಮತ್ತೆ ಬಂದು, ಬಿಟ್ಟಲ್ಲಿಂದಲೇ ವಾದ ಮುಂದುವರಿಸಿದರು. 1992ರಲ್ಲಿ ನ್ಯೂವೆಲ್ ತೀರಿಕೊಂಡರು. ನಾಲ್ಕು ದಶಕದ ಜೊತೆ ಮುಗಿಯಿತು.

2001ರ ಆರಂಭದಲ್ಲಿ ಹೊಟ್ಟೆಯ ಕ್ಯಾನ್ಸರ್ ಗೆಡ್ಡೆಗೆ ಶಸ್ತ್ರಚಿಕಿತ್ಸೆ ನಡೆಯಿತು. ಅದರ ನಂತರದ ತೊಂದರೆಗಳಿಂದ ಫೆಬ್ರುವರಿ 9ರಂದು ಪಿಟ್ಸ್‌ಬರ್ಗ್‌ನಲ್ಲಿ ಸೈಮನ್ ನಿಧನರಾದರು. ವಯಸ್ಸು 84. ಡೊರೊತಿಯಾ ಮರುವರ್ಷ ತೀರಿಕೊಂಡರು.

ಅವರು ಕಟ್ಟಿದ ಬಿಸಿನೆಸ್ ಸ್ಕೂಲಿಗೆ 2004ರಲ್ಲಿ ಹಳೆಯ ವಿದ್ಯಾರ್ಥಿ ಡೇವಿಡ್ ಟೆಪ್ಪರ್ ಹೆಸರಿಡಲಾಯಿತು. ದೊಡ್ಡ ದೇಣಿಗೆ ಕೊಟ್ಟವರು ಅವರು. ಸೈಮನ್ ಅವರ ಹೆಸರಿರುವುದು ಅದೇ ಕ್ಯಾಂಪಸ್ಸಿನ ಇನ್ನೊಂದು ಕಟ್ಟಡದ ಮೇಲೆ, ನ್ಯೂವೆಲ್ ಹೆಸರಿನ ಪಕ್ಕದಲ್ಲಿ. ರೊಬೊಟ್‌ಗಳ ಮೇಲೆ ಕೆಲಸ ಮಾಡುವವರು ಅಲ್ಲಿ ಕೂರುತ್ತಾರೆ.